ರೋಮನ್ ನಾಣ್ಯವೋ, ಮಡಕೆ ಚೂರೋ?

ಪುರಾತತ್ವದ ಪ್ರಾಜೆಕ್ಟ್‌ಗೆ ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯ ತಗೊಳ್ಳಲೋ, ಹಳೇ ಮಡಕೆ ಚೂರು ತಗೊಳ್ಳಲೋ ಅಂತ ಕೇಳಿದ್ದೀರಿ. ಕಾಲ ಬೇಗ ಗೊತ್ತಾಗಬೇಕಾದರೆ ನಾಣ್ಯವೇ ಸುಲಭ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ದಿನಾರಿಯಸ್ ಎಂಬ ರೋಮನ್ ಬೆಳ್ಳಿ ನಾಣ್ಯ ಚಕ್ರವರ್ತಿ ಟೈಬೀರಿಯಸ್‌ನದು. ಅವನು ಆಳಿದ್ದು ಕ್ರಿ.ಶ. 14ರಿಂದ 37. ಆದರೆ ಹುಷಾರು, ನಾಣ್ಯ ಹೇಳುವುದು ಅಚ್ಚಾದ ಕಾಲವನ್ನು, ಮಣ್ಣಿಗೆ ಬಿದ್ದ ಕಾಲವನ್ನಲ್ಲ. ಭಾರತದಲ್ಲಿ ಸಿಕ್ಕ ಎಷ್ಟೋ ಚಿನ್ನದ ನಾಣ್ಯಗಳಲ್ಲಿ ತೂತು ಇದೆ. ಜನ ಅವನ್ನು ಒಡವೆ ಮಾಡಿಕೊಂಡಿದ್ದರು!

ಮಡಕೆಯನ್ನು ಯಾರು ಕೂಡಿಡುತ್ತಾರೆ? ಒಡೆದರೆ ಅಲ್ಲೇ ಎಸೆಯುತ್ತಾರೆ. ಹಾಗಾಗಿ ಆ ಜಾಗದ ದಿನಬಳಕೆ ತಿಳಿಯಲು ಚೂರುಗಳೇ ವಾಸಿ. 1945ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಪುದುಚೇರಿ ಪಕ್ಕದ ಹಳೇ ವ್ಯಾಪಾರ ತಾಣ ಅರಿಕಮೇಡು ಅಗೆದಾಗ ಆಂಫೊರಾ (ದ್ರಾಕ್ಷಾರಸ, ಎಣ್ಣೆ ಸಾಗಿಸುವ ಎರಡು ಹಿಡಿಯ ಜಾಡಿ) ಚೂರುಗಳ ಜೊತೆ ಅರೆಟೈನ್ ಎಂಬ ಇಟಲಿಯ ಕೆಂಪು ಹೊಳಪಿನ ಊಟದ ಪಾತ್ರೆಗಳ ಚೂರುಗಳೂ ಸಿಕ್ಕವು. ಕೆಲವದರ ತಳದಲ್ಲಿ ಕುಂಬಾರನ ಮುದ್ರೆ ಇತ್ತು. ಅರೆಟೈನ್ ಕಾಲ ಗೊತ್ತಿದ್ದರಿಂದ ಜೊತೆಗೆ ಸಿಕ್ಕ ಇಲ್ಲಿನ ಮಡಕೆಗಳಿಗೂ ಕಾಲ ಸಿಕ್ಕಿತು. ಆ ಎಳೆ ಹಿಡಿದೇ ಅವರು 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದ ಮಣ್ಣಿನ ಪದರಗಳಿಗೂ ಕಾಲ ಕಟ್ಟಿದರು. ಮಡಕೆಯ ತಾಕತ್ತು ಅಂದ್ರೆ ಇದು, ಅಲ್ವಾ?

ಕಷ್ಟ ಜಾಸ್ತಿ ಇರುವುದೂ ಮಡಕೆಯಲ್ಲೇ. ಮಣ್ಣು, ಅಂಚು, ಲೇಪ ಎಲ್ಲ ಕೈಯಲ್ಲಿ ಹಿಡಿದು ನೋಡಬೇಕು. ನಾಣ್ಯವನ್ನು ಒಳ್ಳೆ ಫೋಟೊದಲ್ಲೂ ಓದಬಹುದು. ಒಂದೇ ಸೆಮಿಸ್ಟರ್ ಇದ್ದು, ವಿಷಯ ರಾಜರು, ಹಣದ ಹರಿವು ಆಗಿದ್ದರೆ ನಾಣ್ಯ ತಗೊಳ್ಳಿ. ಉತ್ಖನನದ ಸಂಗ್ರಹ ಕೈಗೆ ಸಿಗುವಂತಿದ್ದು, ಊಟ, ವ್ಯಾಪಾರದ ಬಗ್ಗೆ ಕುತೂಹಲ ಇದ್ದರೆ ಚೂರು.