ಕನ್ನಡಿಗರಿಗೆ ಜಪಾನಿ ಭಾಷೆ ಕಠಿಣವೇ? ‘ಇರೊದೊರಿ’ ಪಠ್ಯಮಾಲೆಯ ವಿಮರ್ಶೆ

ವಿದೇಶಿ ಭಾಷೆಗಳಲ್ಲಿ ಸುಲಭವಾದದ್ದು ಯಾವುದೆಂದು ಹುಡುಕಲು ಹೊರಟವರ ಕಣ್ಣಿಗೆ ತಪ್ಪದೆ ಬೀಳುವುದು ಅಮೆರಿಕದ ವಿದೇಶಾಂಗ ಸೇವಾ ತರಬೇತಿ ಸಂಸ್ಥೆಯು ತನ್ನ ರಾಜತಾಂತ್ರಿಕರಿಗೆ ಪಾಠ ಹೇಳಿದ ಅನುಭವದ ಮೇಲೆ ಮಾಡಿರುವ ವರ್ಗೀಕರಣ. ಅದರ ಪ್ರಕಾರ ಸ್ಪ್ಯಾನಿಷ್, ಇಟಾಲಿಯನ್, ಫ್ರೆಂಚ್ ಮೊದಲಾದವು 600ರಿಂದ 750 ಗಂಟೆಗಳ ತರಗತಿಯಲ್ಲಿ ಕೈಗೆಟುಕುವ ಭಾಷೆಗಳು. ಚೀನಿ, ಅರಬ್ಬಿ, ಕೊರಿಯನ್ ಮತ್ತು ಜಪಾನಿ 2200 ಗಂಟೆ ಬೇಡುವ, ಅತಿ ಕಠಿಣವೆಂಬ ಹಣೆಪಟ್ಟಿ ಹೊತ್ತ ಭಾಷೆಗಳು. ಈ ಪಟ್ಟಿಯನ್ನು ನೋಡಿ ಎಷ್ಟೋ ಮಂದಿ ಜಪಾನಿಯ ಆಸೆಯನ್ನು ಅಲ್ಲಿಗೇ ಬಿಡುತ್ತಾರೆ. ಅದೇ ಪಟ್ಟಿಯ ನಡುವಿನ ಸಾಲುಗಳನ್ನೂ ಅವರು ಓದಬೇಕಿತ್ತು: ಅಲ್ಲಿ ತೆಲುಗಿಗೂ ತಮಿಳಿಗೂ 1100 ಗಂಟೆಗಳನ್ನು ನಿಗದಿಪಡಿಸಲಾಗಿದೆ. ಅಂದರೆ ಸ್ಪ್ಯಾನಿಷ್‌ಗಿಂತ ತೆಲುಗು ಕಷ್ಟ. ಬಳ್ಳಾರಿಯಲ್ಲೋ ಪಾವಗಡದಲ್ಲೋ ಈ ಮಾತನ್ನು ಹೇಳಿದರೆ ಕೇಳಿದವರು ನಕ್ಕಾರು. ಪಟ್ಟಿ ಸುಳ್ಳು ಹೇಳುತ್ತಿಲ್ಲ. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರಿಗೆ ಯಾವುದು ಎಷ್ಟು ದೂರ ಎಂಬುದನ್ನಷ್ಟೇ ಅದು ಅಳೆದಿದೆ. ಕನ್ನಡದಿಂದ ಅಳೆಯತೊಡಗಿದರೆ ದೂರಗಳು ಬದಲಾಗುತ್ತವೆ, ಅದರಲ್ಲೂ ಜಪಾನಿಯ ದೂರ ಬಹಳವೇ ಕಡಿಮೆಯಾಗುತ್ತದೆ. ಈ ದೃಷ್ಟಿಯನ್ನು ಇಟ್ಟುಕೊಂಡೇ ನಾನು ‘ಇರೊದೊರಿ’ ಪಠ್ಯಮಾಲೆಯನ್ನು ಬಳಸಿ ನೋಡಿದೆ.

‘ಇರೊದೊರಿ’ ಜಪಾನ್ ಸರ್ಕಾರದ ಬೆಂಬಲದಿಂದ ನಡೆಯುವ ಜಪಾನ್ ಫೌಂಡೇಶನ್ 2020ರಲ್ಲಿ ಹೊರತಂದ ಪಠ್ಯ. ಆರಂಭಿಕ ಭಾಗವೊಂದು, ಪ್ರಾಥಮಿಕ ಹಂತದ ಭಾಗಗಳೆರಡು, ಒಂದೊಂದರಲ್ಲೂ 18 ಪಾಠಗಳು. ಪುಸ್ತಕದ ಪಿಡಿಎಫ್ ಕಡತಗಳೂ ಸಂಭಾಷಣೆಗಳ ಧ್ವನಿಮುದ್ರಣಗಳೂ ಅಂತರ್ಜಾಲದಲ್ಲಿ ಸಂಪೂರ್ಣ ಉಚಿತ. ಪುಸ್ತಕವನ್ನೇ ಆಧರಿಸಿದ ಸ್ವಯಂಕಲಿಕೆಯ ಪಾಠಕ್ರಮವನ್ನೂ ಅದೇ ಸಂಸ್ಥೆ ಅಂತರ್ಜಾಲದಲ್ಲಿ ನಡೆಸುತ್ತದೆ. 2019ರಲ್ಲಿ ಜಪಾನ್ ನಿರ್ದಿಷ್ಟ ಕೌಶಲದ ಕೆಲಸಗಾರರಿಗೆಂದು ಹೊಸ ಬಗೆಯ ವೀಸಾ ಆರಂಭಿಸಿದಾಗ, ಹಾಗೆ ಬರುವ ಆರೈಕೆ ಸಿಬ್ಬಂದಿ, ಕಾರ್ಖಾನೆಯ ನೌಕರರು, ಹೋಟೆಲಿನ ಸಿಬ್ಬಂದಿ ಮೊದಲಾದವರು ದಿನನಿತ್ಯದ ಬದುಕನ್ನು ಜಪಾನಿಯಲ್ಲಿ ನಿಭಾಯಿಸಲು ಬೇಕಾದ ಪಾಠಗಳ ಅಗತ್ಯ ಉಂಟಾಯಿತು. ಆದ್ದರಿಂದಲೇ ಈ ಪುಸ್ತಕದಲ್ಲಿ ಅಂಗಡಿಯಲ್ಲಿ ಬೆಲೆ ಕೇಳುವುದು, ಬಸ್ಸು ವಿಮಾನ ನಿಲ್ದಾಣಕ್ಕೆ ಹೋಗುತ್ತದೆಯೇ ಎಂದು ವಿಚಾರಿಸುವುದು ಮುಂತಾದ ಸಂದರ್ಭಗಳೇ ತುಂಬಿವೆ. ವ್ಯಾಕರಣ ಆ ಸಂದರ್ಭಗಳ ಹಿಂದಿನಿಂದ ಬರುತ್ತದೆ. ನಾನು ಬಳಸಿದ್ದು ಇಂಗ್ಲಿಷ್ ವಿವರಣೆಯುಳ್ಳ ಆವೃತ್ತಿ. ಮುಂದೆ ಎತ್ತಲಿರುವ ಮುಖ್ಯ ಆಕ್ಷೇಪ ಹುಟ್ಟುವುದೂ ಅಲ್ಲಿಂದಲೇ.

ಮೊದಲ ಭಾಗದ ಪಾಠವೊಂದರ ಶೀರ್ಷಿಕೆಯನ್ನೇ ನೋಡೋಣ: ‘ಜೂನಿಜಿ ಕರ ಇಚಿಜಿ ಮದೆ ಹಿರುಯಸುಮಿ ದೆಸು’. ಹನ್ನೆರಡು ಗಂಟೆ-ಇಂದ, ಒಂದು ಗಂಟೆ-ವರೆಗೆ, ಮಧ್ಯಾಹ್ನದ ವಿರಾಮ. ಒಂದು ಪದವನ್ನೂ ಸ್ಥಳ ಬದಲಿಸದೆ ಇದನ್ನು ಕನ್ನಡಕ್ಕೆ ತರಬಹುದು. ಇಂಗ್ಲಿಷಿನ ಪ್ರಭಾವದಲ್ಲಿ ನಾವು ನಾಮಪದಕ್ಕಿಂತ ಮೊದಲು ಜೋಡಿಸಲು ಕಲಿತ ಸಂಬಂಧಸೂಚಕಗಳೆಲ್ಲ ಇಲ್ಲಿ ಕನ್ನಡದ ವಿಭಕ್ತಿ ಪ್ರತ್ಯಯಗಳಂತೆ ನಾಮಪದದ ನಂತರ ಬಂದು ಕೂರುತ್ತವೆ. ಇನ್ನೂ ಕುತೂಹಲದ ಸಂಗತಿಯೆಂದರೆ ಆ ‘ಕರ’ ಎಂಬ ಪ್ರತ್ಯಯ ಕ್ರಿಯಾಪದದ ನಂತರ ಬಂದಾಗ ಕಾರಣವನ್ನು ಹೇಳುತ್ತದೆ. ಮಳೆ ಬಂದದ್ದರಿಂದ ಹೋಗಲಿಲ್ಲ ಎನ್ನುವಾಗ ನಮ್ಮ ‘ಇಂದ’ ಮಾಡುವ ಕೆಲಸವೂ ಅದೇ. ಇಂಗ್ಲಿಷಿನ ಮೂಲಕ ಕಲಿಯುವವರು ಇವೆರಡನ್ನು ಬೇರೆ ಬೇರೆ ನಿಯಮಗಳಾಗಿ ಬಾಯಿಪಾಠ ಮಾಡಬೇಕು. ನಮಗೆ ಅದು ಗೊತ್ತಿರುವ ವಿಷಯ.

ಇನ್ನೊಂದು ಪಾಠದ ಶೀರ್ಷಿಕೆ ‘ಇಶ್ಶೊ ನಿ ನೊಮಿ ನಿ ಇಕಿಮಸೆನ್ ಕ’. ಒಟ್ಟಿಗೆ ಕುಡಿಯಲಿಕ್ಕೆ ಹೋಗುವುದಿಲ್ಲವಾ? ಉದ್ದೇಶವನ್ನು ಹೇಳಲು ಕ್ರಿಯಾಪದಕ್ಕೆ ಚತುರ್ಥಿಯನ್ನು ಹಚ್ಚುವುದು, ನಕಾರದಲ್ಲಿ ಪ್ರಶ್ನೆ ಕೇಳಿ ಆಹ್ವಾನ ನೀಡುವುದು, ವಾಕ್ಯದ ಕೊನೆಗೆ ಒಂದು ಅಕ್ಷರ ಸೇರಿಸಿದೊಡನೆ ಅದನ್ನು ಪ್ರಶ್ನೆಯಾಗಿಸುವುದು, ಈ ಮೂರೂ ಒಂದೇ ಸಾಲಿನಲ್ಲಿವೆ ಮತ್ತು ಮೂರೂ ನಾವು ದಿನವೂ ಮಾಡುವಂಥವು. ಆ ಪ್ರಶ್ನಾರ್ಥಕ ‘ಕ’ವನ್ನು ‘ದರೆ’, ಅಂದರೆ ಯಾರು ಎಂಬ ಪದಕ್ಕೆ ಸೇರಿಸಿದರೆ ‘ಯಾರೋ’ ಎಂದಾಗುತ್ತದೆ. ಸಮುಚ್ಚಯದ ‘ಮೊ’ ಸೇರಿಸಿ ಮುಂದೆ ನಕಾರ ತಂದರೆ ‘ಯಾರೂ ಇಲ್ಲ’ ಎಂದಾಗುತ್ತದೆ. ‘ಓ’ ಮತ್ತು ‘ಊ’ ಪ್ರತ್ಯಯಗಳ ಈ ಹಂಚಿಕೆಯನ್ನು ಕನ್ನಡದ ಮಗುವಿಗೆ ಯಾರೂ ಹೇಳಿಕೊಡುವುದಿಲ್ಲ. ಜಪಾನಿಯಲ್ಲಿ ಅದೇ ಹಂಚಿಕೆ ಎದುರಾದಾಗ ಕನ್ನಡಿಗನಿಗೆ ಹೊಸದಾಗಿ ಕಲಿಯಬೇಕಾಗಿರುವುದು ಎರಡು ಶಬ್ದಗಳನ್ನಷ್ಟೇ.

ಪಾಠಗಳು ಮುಂದುವರಿದಂತೆ ಕಲಿಯುವವರೆಲ್ಲ ಹೆದರುವ ‘ತೆ’ ರೂಪ ಎದುರಾಗುತ್ತದೆ. ಇದು ನಮ್ಮ ‘ತಿಂದು’, ‘ನೋಡಿ’, ‘ಬಂದು’ ಎಂಬ ಕೃದಂತಾವ್ಯಯಗಳ ಪ್ರತಿರೂಪ. ಬೆಳಿಗ್ಗೆ ಎದ್ದು, ಮುಖ ತೊಳೆದು, ತಿಂಡಿ ತಿಂದು, ಕಚೇರಿಗೆ ಹೋದೆ ಎಂದು ನಾವು ಪೋಣಿಸಿದಂತೆಯೇ ಅವರೂ ಪೋಣಿಸುತ್ತಾರೆ. ಪೋಣಿಸುವುದಷ್ಟೇ ಅಲ್ಲ, ಸಹಾಯಕ ಕ್ರಿಯಾಪದಗಳನ್ನು ಆರಿಸಿಕೊಳ್ಳುವಲ್ಲೂ ಎರಡು ಭಾಷೆಗಳ ಮನಸ್ಸು ಒಂದೇ ದಾರಿಯಲ್ಲಿ ಹೋಗುತ್ತದೆ. ‘ತಬೆತೆ’ ಎಂದರೆ ತಿಂದು, ‘ಮಿರು’ ಎಂದರೆ ನೋಡು; ‘ತಬೆತೆ ಮಿರು’ ಎಂದರೆ ತಿಂದು ನೋಡು. ‘ಒಕು’ ಎಂದರೆ ಇಡು. ಮುಂಚಿತವಾಗಿ ಮಾಡಿಡು, ಕೊಂಡಿಡು ಎನ್ನುವ ಅರ್ಥ ಬರುವುದು ಅದೇ ‘ಒಕು’ವಿನಿಂದ. ತಿಂದುಬಿಟ್ಟೆ ಎನ್ನುವಾಗಿನ ಸಣ್ಣ ಪಶ್ಚಾತ್ತಾಪಕ್ಕೂ ಅಲ್ಲಿ ‘ಶಿಮೌ’ ಎಂಬ ಪ್ರತ್ಯೇಕ ಸಹಾಯಕವಿದೆ. ನಿನ್ನೆ ಕೊಂಡ ಪುಸ್ತಕ ಎಂಬಂತೆ ಇಡೀ ಉಪವಾಕ್ಯವನ್ನು ನಾಮಪದಕ್ಕಿಂತ ಮೊದಲು ತಂದು ನಿಲ್ಲಿಸುವ ಕ್ರಮವೂ, ಹೇಳಿದ ಮಾತನ್ನು ಮೊದಲು ಇಟ್ಟು ‘ಎಂದು’ ಸೇರಿಸುವ ಕ್ರಮವೂ ಹಾಗೆಯೇ ಇವೆ. ಇವು ಒಂದೇ ಕುಟುಂಬದ ಭಾಷೆಗಳೆಂದು ಇದರಿಂದ ಯಾರೂ ತೀರ್ಮಾನಿಸಬೇಕಾಗಿಲ್ಲ. ಅಂಥ ವಾದಗಳು ಬಂದಿವೆ, ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಒಪ್ಪಿಲ್ಲ. ಕಲಿಯುವವನಿಗೆ ಬೇಕಾದದ್ದು ನೆಂಟಸ್ತಿಕೆಯಲ್ಲ, ಹೋಲಿಕೆ.

ಕ್ರಿಯಾಪದಕ್ಕೆ ಲಿಂಗ, ವಚನ, ಪುರುಷಗಳ ಗೊಡವೆಯಿಲ್ಲ ಎಂಬುದು ಹೆಚ್ಚುವರಿ ಲಾಭ. ಹೋದನು, ಹೋದಳು, ಹೋದರು, ಹೋಯಿತು ಎಲ್ಲಕ್ಕೂ ಅಲ್ಲಿ ಒಂದೇ ರೂಪ ಸಾಕು. ಈ ಮಟ್ಟಿಗೆ ಜಪಾನಿ ಕನ್ನಡಕ್ಕಿಂತಲೂ ಸರಳ. ಇರುವಿಕೆಯನ್ನು ಹೇಳುವಲ್ಲಿ ಮಾತ್ರ ಎಚ್ಚರ ಬೇಕು: ಮನುಷ್ಯರಿಗೂ ಪ್ರಾಣಿಗಳಿಗೂ ‘ಇರು’, ಉಳಿದದ್ದಕ್ಕೆ ‘ಅರು’. ಮನುಷ್ಯರಿಗೆ ‘ಇದ್ದಾರೆ’, ಉಳಿದದ್ದಕ್ಕೆಲ್ಲ ‘ಇದೆ’ ಎಂದು ರೂಢಿಯಾದ ನಮ್ಮ ನಾಲಿಗೆ ಬೆಕ್ಕನ್ನು ತಪ್ಪು ಪಂಕ್ತಿಯಲ್ಲಿ ಕೂರಿಸುತ್ತದೆ.

ಉಚ್ಚಾರದ ವಿಷಯದಲ್ಲಿ ಧ್ವನಿಮುದ್ರಣಗಳು ಈ ಪುಸ್ತಕದ ದೊಡ್ಡ ಬಲ. ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ದನಿಯ ಜನ ಸಹಜ ವೇಗಕ್ಕೆ ಹತ್ತಿರವಾಗಿ ಮಾತನಾಡುತ್ತಾರೆ. ಐದೇ ಸ್ವರಗಳು, ಅವುಗಳ ಹ್ರಸ್ವ ದೀರ್ಘಗಳು, ಒತ್ತಕ್ಷರ ಇದ್ದರೆ ಒಂದರ್ಥ ಇಲ್ಲದಿದ್ದರೆ ಇನ್ನೊಂದರ್ಥ, ಇವೆಲ್ಲ ನಮಗೆ ಅಭ್ಯಾಸವಾಗಿರುವಂಥವೇ. ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ರೋಮನ್ ಲಿಪಿಯಲ್ಲಿ ಸುಲಭವಾಗಿ ಮರೆಯಾಗುವ ಈ ವ್ಯತ್ಯಾಸ ಕನ್ನಡದಲ್ಲಿ ಒಂದು ದೀರ್ಘದಿಂದಲೇ ಸ್ಪಷ್ಟವಾಗುವುದರಿಂದ, ಟಿಪ್ಪಣಿಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳುವಂತೆ ನಾನು ಸೂಚಿಸುತ್ತೇನೆ. ಜಪಾನಿಯ ಕಾನಾ ಎಂಬ ಅಕ್ಷರಮಾಲೆಯ ಕ್ರಮವೂ ಪರಿಚಿತವೇ: ಅ ಇ ಉ ಎ ಒ, ಬಳಿಕ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಭಿಕ್ಷುಗಳ ಮೂಲಕ ಜಪಾನಿಗೆ ಹೋದ, ಸಂಸ್ಕೃತ ಬರೆಯಲು ಬಳಸುವ ಸಿದ್ಧಂ ಲಿಪಿಯ ಅಧ್ಯಯನದಿಂದ ರೂಪುಗೊಂಡ ಕ್ರಮ ಇದು. ನಮ್ಮ ಪವರ್ಗದ ಜಾಗದಲ್ಲಿ ‘ಹ’ ಇರುವುದಕ್ಕೂ ಕಾರಣವುಂಟು. ಅವರ ‘ಹ’ಕಾರ ಹಿಂದೆ ‘ಪ’ಕಾರವಾಗಿತ್ತು. ಹಳಗನ್ನಡದ ‘ಪಾಲ್’ ಹೊಸಗನ್ನಡದ ‘ಹಾಲು’ ಆದುದನ್ನು ಬಲ್ಲ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಚೀನಿ ಮೂಲದ ಚಿಹ್ನೆಗಳಾದ ಕಾಂಜಿಯ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಹಿರಗಾನಾ, ಕತಕಾನಾ ಎಂಬ ಎರಡು ಲಿಪಿಗಳು, ಒಂದೊಂದರಲ್ಲೂ 46 ಮೂಲಾಕ್ಷರಗಳು, ಅಷ್ಟನ್ನು ಯಾರಾದರೂ ಕಲಿತಾರು; ಆದರೆ ದಿನಬಳಕೆಗೆಂದು ಅಧಿಕೃತವಾಗಿ ಗೊತ್ತುಪಡಿಸಿದ ಕಾಂಜಿ ಚಿಹ್ನೆಗಳೇ 2136, ಅವುಗಳಲ್ಲಿ ಹೆಚ್ಚಿನವಕ್ಕೆ ಒಂದಕ್ಕಿಂತ ಹೆಚ್ಚು ಉಚ್ಚಾರಗಳು. ಅಮೆರಿಕದ ಪಟ್ಟಿಯ 2200 ಗಂಟೆಗಳಲ್ಲಿ ಈ ಭಾಗವನ್ನು ಕನ್ನಡದ ಬಲದಿಂದ ಕಡಿತಗೊಳಿಸಲು ಬರುವುದಿಲ್ಲ. ‘ಇರೊದೊರಿ’ ಇಲ್ಲಿ ಜಾಣತನದಿಂದ ನಡೆದುಕೊಳ್ಳುತ್ತದೆ. ಕಾಂಜಿಯ ಮೇಲೆ ಫುರಿಗಾನಾ ಎಂಬ ಸಣ್ಣಕ್ಷರದ ಉಚ್ಚಾರವನ್ನು ಕೊಟ್ಟು, ಪಾಠಕ್ಕೆ ಬೇಕಾದ ಕೆಲವೇ ಪದಗಳನ್ನು ಗುರುತಿಸಲು ಕಲಿಸಿ, ಬರೆಯುವ ಶ್ರಮವನ್ನು ಕಡಿಮೆ ಮಾಡುತ್ತದೆ. ಮಾತು ಮೊದಲು ಬರಲಿ ಎನ್ನುವವರಿಗೆ ಇದು ಒಳ್ಳೆಯದು. ಜಪಾನಿ ಪತ್ರಿಕೆ ಓದಬೇಕೆನ್ನುವವರು ಬೇರೆ ಕಾಂಜಿ ಪುಸ್ತಕವೊಂದನ್ನು ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳಬೇಕಾಗುತ್ತದೆ.

ನನ್ನ ಮುಖ್ಯ ಆಕ್ಷೇಪ ವಿವರಣೆಗಳ ಕುರಿತು. ಮೇಲೆ ಹೇಳಿದ ಹೋಲಿಕೆಗಳಲ್ಲಿ ಒಂದನ್ನೂ ಪುಸ್ತಕ ನಿಮಗೆ ತೋರಿಸುವುದಿಲ್ಲ, ತೋರಿಸಲು ಅದಕ್ಕೆ ಸಾಧ್ಯವೂ ಇಲ್ಲ. ಕ್ರಿಯಾಪದ ಕೊನೆಗೆ ಬರುತ್ತದೆ, ಪ್ರತ್ಯಯ ನಾಮಪದದ ನಂತರ ಬರುತ್ತದೆ ಎಂದು ಅದು ಇಂಗ್ಲಿಷಿನಲ್ಲಿ ತಾಳ್ಮೆಯಿಂದ ಹೇಳುವಾಗ, ನಮ್ಮಂಥವರು ಸುಮ್ಮನೆ ಇಂಗ್ಲಿಷಿನ ಮೂಲಕ ಸುತ್ತು ಹಾಕಿ ಮನೆಯ ಹಿತ್ತಿಲಿಗೆ ಬಂದಂತಾಗುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯ ಸರಳವಾದದ್ದು: ಮೊದಲು ಸಂಭಾಷಣೆಯನ್ನು ಕೇಳಿ, ಅದನ್ನು ಪದಕ್ಕೆ ಪದ ಕನ್ನಡದಲ್ಲಿ ಬರೆದುಕೊಂಡು, ಎಲ್ಲಿ ಕನ್ನಡ ಒಪ್ಪದೆ ಮುಗ್ಗರಿಸುತ್ತದೆಯೋ ಅಲ್ಲಿ ಮಾತ್ರ ವ್ಯಾಕರಣ ಟಿಪ್ಪಣಿಯನ್ನು ತೆರೆಯುವುದು. ಮುಗ್ಗರಿಸುವ ಜಾಗಗಳು ಕಡಿಮೆ, ಆದರೆ ಇವೆ. ‘ವ’ ಮತ್ತು ‘ಗ’ ಎಂಬ ಎರಡು ಪ್ರತ್ಯಯಗಳ ಭೇದ ಕನ್ನಡದಿಂದ ಹೊಳೆಯುವುದಿಲ್ಲ. ವಸ್ತುವಿನ ಆಕಾರಕ್ಕೆ ತಕ್ಕಂತೆ ಎಣಿಕೆಯ ಪದ ಬದಲಾಗುವುದೂ ನಮಗೆ ಹೊಸದು. ಎದುರಿನವರ ಸ್ಥಾನಕ್ಕೆ ತಕ್ಕಂತೆ ಕ್ರಿಯಾಪದವನ್ನೇ ಬದಲಿಸುವ ಗೌರವಭಾಷೆ ‘ನೀವು’, ‘ತಾವು’ಗಳಿಂದ ಬಹಳ ಮುಂದಿನ ಮಾತು. ಇಂಥ ಕಡೆಗಳಲ್ಲಿ ಪುಸ್ತಕ ಕೊಡುವ ಅಭ್ಯಾಸವಾಕ್ಯಗಳು ನನಗೆ ಸಾಲದೆನಿಸಿದವು. ಸಂದರ್ಭದಿಂದ ಸಂದರ್ಭಕ್ಕೆ ಹೋಗುವ ಅವಸರದಲ್ಲಿ ಒಂದೇ ರಚನೆಯನ್ನು ಹತ್ತು ಬಗೆಯಲ್ಲಿ ತಿರುಗಿಸಿ ಹೇಳಿಸುವ ಹಳೆಯ ಪದ್ಧತಿಯನ್ನು ಇದು ಬಿಟ್ಟುಕೊಟ್ಟಿದೆ.

ಹಾಗಾದರೆ ಜಪಾನಿಯೇ ಕನ್ನಡಿಗರಿಗೆ ಎಲ್ಲಕ್ಕಿಂತ ಸುಲಭದ ವಿದೇಶಿ ಭಾಷೆಯೇ ಎಂದು ಕೇಳಿದರೆ, ಮಾತಿಗೆ ಹೌದೆನ್ನುತ್ತೇನೆ, ಓದಿಗೆ ಅಲ್ಲ. ಕೊರಿಯನ್ ಭಾಷೆಯ ವಾಕ್ಯರಚನೆಯೂ ಇಷ್ಟೇ ಹತ್ತಿರದ್ದು, ಅದರ ಲಿಪಿಯಂತೂ 24 ಮೂಲಾಕ್ಷರಗಳಲ್ಲಿ ಮುಗಿಯುತ್ತದೆ. ಆದರೆ ಕ, ತ, ಪಗಳನ್ನು ಮೂರು ಬಗೆಯಾಗಿ ಒಡೆಯುವ ಅದರ ಉಚ್ಚಾರ ನಮ್ಮ ಅಲ್ಪಪ್ರಾಣ ಮಹಾಪ್ರಾಣಗಳ ಎಣಿಕೆಗೆ ಸಿಕ್ಕುವುದಿಲ್ಲ. ಓದುವುದೇ ಗುರಿಯಾದರೆ ಇಂಡೋನೇಷ್ಯನ್ ಒಳ್ಳೆಯ ಆಯ್ಕೆ. ಲಿಪಿ ರೋಮನ್, ಕಾಲಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುವುದಿಲ್ಲ, ಸಂಸ್ಕೃತ ಮೂಲದ ಪದಗಳು ಹೇರಳ. ಸ್ಪ್ಯಾನಿಷ್ ಇಂಗ್ಲಿಷ್ ಬಲ್ಲವರಿಗೆ ಪದಸಂಪತ್ತಿನ ಒಳ್ಳೆಯ ಪಾಲನ್ನು ಉಚಿತವಾಗಿಯೇ ಕೊಡುತ್ತದೆ, ಆದರೆ ಮೇಜು ಹೆಣ್ಣೋ ಗಂಡೋ ಎಂಬ ಪ್ರಶ್ನೆ ಅಲ್ಲಿ ತಪ್ಪುವುದಿಲ್ಲ. ಅದೇ ಇಂಗ್ಲಿಷ್ ಸಾಲದ ಪದಗಳು ಜಪಾನಿಯಲ್ಲೂ ಬೇಕಾದಷ್ಟಿವೆ. ಬಸ್ಸನ್ನು ಅವರು ‘ಬಸು’ ಎಂದು ಸ್ವರ ಸೇರಿಸಿ ಹೇಳುವ ರೀತಿ ನಮ್ಮದೇ.

ಬಿಡದಿಯ ಕಾರು ಕಾರ್ಖಾನೆಯಂಥ ಕಡೆ ಜಪಾನಿ ಸಹೋದ್ಯೋಗಿಗಳೊಡನೆ ಮಾತನಾಡಬೇಕಾದವರಿಗೆ, ಕೆಲಸಕ್ಕೆಂದು ಜಪಾನಿಗೆ ಹೊರಡುವ ಆರೈಕೆ ಸಿಬ್ಬಂದಿಗೆ, ಗುರುಗಳಿಲ್ಲದೆ ಮನೆಯಲ್ಲೇ ಆರಂಭಿಸುವವರಿಗೆ ‘ಇರೊದೊರಿ’ಯ ಮೊದಲ ಭಾಗವನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಜುಲೈ ಮತ್ತು ಡಿಸೆಂಬರ್ ತಿಂಗಳ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಗೆ ಬೆಂಗಳೂರಿನಲ್ಲಿಯೂ ಕೇಂದ್ರವಿದೆ. ಅದರ ಕೆಳಗಿನ ಮೆಟ್ಟಿಲಾದ ಎನ್5 ತೆಗೆದುಕೊಳ್ಳುವ ಉದ್ದೇಶವಿದ್ದರೆ ಈ ಪುಸ್ತಕವೊಂದನ್ನೇ ನಂಬಬಾರದು, ಏಕೆಂದರೆ ಇದನ್ನು ರಚಿಸಿದ್ದು ಆ ಪರೀಕ್ಷೆಗಾಗಿ ಅಲ್ಲ ಮತ್ತು ಆ ಪರೀಕ್ಷೆಯಲ್ಲಿ ಬಾಯಿಬಿಟ್ಟು ಮಾತನಾಡುವ ಭಾಗವೇ ಇಲ್ಲ.