"ಆರ್ಮರ್ಡ್ ಕೇಬಲ್ ಹಾಕಿದ್ರೆ ಆನೆ ತುಳಿದ್ರೂ ಏನೂ ಆಗೂದಿಲ್ಲ" ಅಂದರೆ ನಂಬಬೇಡಿ

ಗೋವಾದ ವಾಸ್ಕೋದಲ್ಲಿ ನನ್ನದೊಂದು ಸಣ್ಣ ಹೋಟೆಲ್ ಇದೆ, ಊರು ಕುಮಟಾ ಕಡೆ. ಹೋದ ವರ್ಷ ಹಳೇ ಕಟ್ಟಡವೊಂದನ್ನು ಬಾಡಿಗೆಗೆ ಹಿಡಿದೆ. ಗೋಡೆಯೆಲ್ಲ ಚಿರೆಕಲ್ಲು. ವೈರಿನ ಪೈಪು ಹೂಳಲು ಒಂದಂಗುಲ ಕೊರೆದರೆ ಮೂರಂಗುಲ ಉದುರುತ್ತದೆ. ಮಾಲೀಕರೂ ಒಪ್ಪಲಿಲ್ಲ.

ವೈರಿಂಗ್‌ಗೆ ಬಂದವ ನಮ್ಮ ಕಡೆಯವನೇ. "ಪೈಪು ಯಾಕೆ ಅಣ್ಣ? ಆರ್ಮರ್ಡ್ ಕೇಬಲ್ ಗೋಡೆ ಮೇಲೇ ಎಳೆದು ಕ್ಲಾಂಪ್ ಹೊಡೆದ್ರೆ ಮುಗೀತು. ಆನೆ ತುಳಿದ್ರೂ ಏನೂ ಆಗೂದಿಲ್ಲ" ಅಂದ. ಆರ್ಮರ್ಡ್ ಅಂದರೆ ತಂತಿಗಳ ಸುತ್ತ ಉಕ್ಕಿನ ಕವಚ ಇರುವ ಕೇಬಲ್. ನಾಲ್ಕು ದಿನದ ಕೆಲಸ ಎರಡೇ ದಿನಕ್ಕೆ ಮುಗಿಯುತ್ತದಲ್ಲ ಅಂತ ಹೂಂ ಅಂದೆ. ಊರಿನವ ಅನ್ನುವ ಸಲಿಗೆಗೆ ಬೇರೆ ಯಾರನ್ನೂ ಕೇಳಲಿಲ್ಲ, ಆ ತಪ್ಪು ನನ್ನದೇ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅಡುಗೆಮನೆಯ ಗದಗದ ಹುಡುಗ ಬಂದ. "ಅಣ್ಣಾರ, ಗ್ರೈಂಡರ್ ಮುಟ್ಟಿದ್ರ ಝುಂ ಅಂತೈತ್ರಿ." ಬರಿಗಾಲು, ಒದ್ದೆ ನೆಲ. ಚಪ್ಪಲಿ ಹಾಕ್ಕೋ ಮಾರಾಯಾ ಅಂದು ಕಳಿಸಿಬಿಟ್ಟೆ. ಈಗ ನೆನೆಸಿಕೊಂಡರೆ ಹೊಟ್ಟೆ ತೊಳೆಸುತ್ತದೆ. ಮೂರನೇ ದಿನ ಉದ್ದಿನಬೇಳೆ ಹಾಕಲು ಹೋದ ನನಗೇ ಮೊಣಕೈ ತನಕ ಹೊಡೆಯಿತು. ಕರೆಂಟ್ ಅತಿಯಾದರೆ ತಾನೇ ಬೀಳುವ ಸ್ವಿಚ್ಚು, ಎಂಸಿಬಿ, ಮಾತ್ರ ಬಿದ್ದಿರಲಿಲ್ಲ.

ಹಡಗು ಕಟ್ಟುವಲ್ಲಿ ದುಡಿದು ನಿವೃತ್ತರಾದ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ಮೀಟರಿನ ಒಂದು ಮುಳ್ಳು ಗ್ರೈಂಡರಿನ ಮೈಗೆ, ಇನ್ನೊಂದು ಅರ್ಥ್ ಗುಂಡಿಯ ಪೈಪಿಗೆ ಹಿಡಿದರು: 140 ವೋಲ್ಟ್. ತಕ್ಷಣ ಮೇನ್ ಇಳಿಸಿ ಡಿಬಿಯ (ಎಂಸಿಬಿಗಳನ್ನು ಕೂರಿಸಿದ ಡಬ್ಬಿ) ಮುಚ್ಚಳ ಬಿಚ್ಚಿದರು.

ಆರ್ಮರ್ಡ್ ಕೇಬಲ್ಲಿನ ಮೇಲಿನ ಕಪ್ಪು ಪಿವಿಸಿ ಸುಲಿದರೆ ಗ್ಯಾಲ್ವನೈಸ್ ಮಾಡಿದ ಉಕ್ಕಿನ ಪಟ್ಟಿಗಳು, ಅದರೊಳಗೆ ಇನ್ನೊಂದು ಪದರ, ಆಮೇಲೆ ತಂತಿ. ಡಬ್ಬಿಗೆ ಹೋಗುವ ಕಡೆ ಗ್ಲ್ಯಾಂಡ್ (ಕೇಬಲ್ ಹಿಡಿಯುವ ಲೋಹದ ಬಿಗಿ) ಹಾಕಿ ಈ ಪಟ್ಟಿಗಳನ್ನು ಬಿಗಿಯಾಗಿ ಹಿಡಿಸಬೇಕು, ಅರ್ಥ್‌ಗೂ ಕೂಡಿಸಬೇಕು. ನಮ್ಮವ ಗ್ಲ್ಯಾಂಡೇ ಹಾಕಿರಲಿಲ್ಲ. ಗರಗಸದಲ್ಲಿ ಕತ್ತರಿಸಿ, ಎರಡು ಪಟ್ಟಿ ತಿರುಚಿ, ಡಬ್ಬಿಯ ಪೇಂಟಿನ ಮೇಲೇ ಒಂದು ಸ್ಕ್ರೂಗೆ ಸಿಕ್ಕಿಸಿದ್ದ. ಸಮುದ್ರದ ಗಾಳಿಗೆ ಆ ಸ್ಕ್ರೂ ಕೆಂಪು ಪುಡಿಯಾಗಿತ್ತು. ಉಳಿದ ಪಟ್ಟಿಗಳ ಚೂಪಾದ ತುದಿ ಕೆಂಪು (ಫೇಸ್) ವೈರಿನ ಮೈಗೆ ಚುಚ್ಚಿ ಕೂತಿತ್ತು. ಅವನು ಎಳೆದದ್ದು ಎರಡೇ ಕೋರಿನ, ಅಂದರೆ ಒಳಗೆ ಎರಡೇ ವೈರಿನ ಕೇಬಲ್, ಅರ್ಥ್‌ನ ಹಸಿರು ವೈರೇ ಇಲ್ಲ. ಗ್ರೈಂಡರಿನ ಸಾಕೆಟ್ಟಿನ ಅರ್ಥ್ ಪಿನ್ನಿಗೆ ಇದೇ ಪಟ್ಟಿಯನ್ನು ಕೊಟ್ಟಿದ್ದ. ಅಂದರೆ ಅರ್ಥ್ ಕಡೆ ದಾರಿ ಕಡಿದು, ಫೇಸ್ ಸೀದಾ ಗ್ರೈಂಡರಿನ ಮೈಗೆ! ಕರೆಂಟಿಗೆ ವಾಪಸ್ ಹೋಗುವ ದಾರಿಯೇ ಇಲ್ಲದ ಮೇಲೆ ಎಂಸಿಬಿ ಎಲ್ಲಿಂದ ಬೀಳಬೇಕು? ಕರೆಂಟ್ ಸ್ವಲ್ಪ ಸೋರಿದರೂ ತಾನೇ ಬೀಳುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದಿದ್ದರೆ ನಮ್ಮನ್ನು ಉಳಿಸುತ್ತಿತ್ತು. "ಮಳೆಗಾಲದಲ್ಲಿ ಸುಮ್ಮನೆ ಬೀಳ್ತಾ ಇರ್ತದೆ" ಅಂತ ಅದನ್ನೂ ಬಿಟ್ಟಿದ್ದ.

ಪೈಪಿನಲ್ಲಿ ಓಡಿಸಿದ ವೈರ್ ಕೆಟ್ಟರೆ ಅದೊಂದನ್ನೇ ಎಳೆದು ಹೊಸದು ತೂರಿಸಬಹುದು, ಜಾಗವಿದ್ದರೆ ಇನ್ನೊಂದನ್ನೂ ಸೇರಿಸಬಹುದು. ಇಲ್ಲಿ ಇಡೀ ಕೇಬಲನ್ನೇ ಕಿತ್ತುಹಾಕಬೇಕಾಯಿತು. ಹಿರಿಯರು ಗೋಡೆ ಕೊರೆಯದೆ ಮೇಲ್ಮೈಯಲ್ಲೇ ಪಿವಿಸಿ ಪೈಪು ಕೂರಿಸಿ, ತಾಮ್ರದ ವೈರು, ಜತೆಗೆ ಹಸಿರು ವೈರು ಎಳೆದರು. ಹೀಗೂ ಮಾಡಬಹುದು ಅಂತ ಮೊದಲೇ ಯಾರಾದರೂ ಹೇಳಿದ್ದರೆ! ಮೀಟರಿನಿಂದ ಡಿಬಿಗೆ ನೆಲದಡಿ ಬರುವ ಆರ್ಮರ್ಡ್ ಕೇಬಲ್ ಹಾಗೇ ಇದೆ, ಅದಕ್ಕೆ ಸರಿಯಾದ ಗ್ಲ್ಯಾಂಡ್ ಹಾಕಿಸಿದ್ದೇನೆ. ಕೇಬಲ್ಲಿನ ದೋಷ ಏನೂ ಇಲ್ಲ.

ನೀವು ಆರ್ಮರ್ಡ್ ಕೇಬಲ್ ಹಾಕಿಸಿದ್ದರೆ, ಕೊನೆಯ ಕಂತು ಕೊಡುವ ಮೊದಲು ಮೇನ್ ಇಳಿಸಿ ಎರಡೂ ಕಡೆಯ ಡಬ್ಬಿ ಬಿಚ್ಚಿಸಿ. ಗ್ಲ್ಯಾಂಡ್ ಇದೆಯಾ, ಬೇರೆ ಅರ್ಥ್ ವೈರ್ ಇದೆಯಾ ಅಂತ ಕಣ್ಣಾರೆ ನೋಡಿ.

ಆ ವೈರಿಂಗ್‌ನವನಿಗೆ ಫೋನ್ ಮಾಡಿದ್ದೆ. "ಮಳೆಗಾಲದಲ್ಲಿ ಸ್ವಲ್ಪ ಝುಂ ಅನ್ನೂದೇ ಅಣ್ಣ, ಬಿಸಿಲು ಬಂದ್ರೆ ಸರಿಯಾಗ್ತದೆ" ಅಂದ.