ವ್ಯಾಪಾರ ಐದು ಲಕ್ಷ ದಾಟಿತು ಅಂತ ಪೇಡೆ ಹಂಚಿದೆ, ಲೆಕ್ಕ ಹಾಕಿದ್ದು ಆಮೇಲೆ

ದೊಡ್ಡ ಸೂಪರ್ ಮಾರ್ಕೆಟ್‌ಗೆ ಮಾಲು ಕೊಡೋಕೆ ಹೊರಟಿರುವ ಸಣ್ಣ ಘಟಕದವರು ಇದನ್ನು ಓದಿ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಕಂಪನಿ ಹೆಸರು ಹೇಳಲ್ಲ, ವಕೀಲರು ಬೇಡ ಅಂದಿದ್ದಾರೆ.

ಹುಬ್ಬಳ್ಳಿಯಲ್ಲಿ ನನ್ನದು ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿ ಘಟಕ. ದುರ್ಗದಬೈಲ್ ಕಡೆ, ಧಾರವಾಡ, ಗದಗದ ಕಿರಾಣಿ ಅಂಗಡಿಗಳಿಗೆ ತಿಂಗಳಿಗೆ 4,000 ಪ್ಯಾಕ್ ಹೋಗುತ್ತಿತ್ತು. 200 ಗ್ರಾಂ ಪ್ಯಾಕಿಗೆ ಎಂಆರ್‌ಪಿ 100 ರೂಪಾಯಿ, ಅಂಗಡಿಗೆ 78ಕ್ಕೆ ಕೊಡುತ್ತಿದ್ದೆ. ಹೆಚ್ಚೆಂದರೆ ಒಂದು ವಾರದಲ್ಲಿ ದುಡ್ಡು ಕೈಗೆ ಬರುತ್ತಿತ್ತು. ಶೇಂಗಾ, ಮೆಣಸಿನಕಾಯಿ, ಬೆಳ್ಳುಳ್ಳಿ, ಪ್ಯಾಕಿಂಗ್, ಕೂಲಿ ಎಲ್ಲ ಸೇರಿ ಖರ್ಚು 58. ಒಂದು ಪ್ಯಾಕಿಗೆ 20 ಉಳಿಯುತ್ತಿತ್ತು. ಬಾಡಿಗೆ, ಮಷಿನ್ ಸಾಲದ ಕಂತು ಸೇರಿ ತಿಂಗಳಿಗೆ 45,000. ಅಂದರೆ 2,250 ಪ್ಯಾಕ್ ಮಾರಿದರೆ ಸಾಕು, ಆಮೇಲಿಂದು ಲಾಭ. (ತೆರಿಗೆ ಬದಿಗಿಟ್ಟು ಹೇಳುತ್ತಿದ್ದೇನೆ.)

ಈ ಲೆಕ್ಕ ನನಗೆ ಬರುತ್ತಿರಲಿಲ್ಲ ಅಂತಲ್ಲ. ಎರಡು ದಿನದ ಉದ್ಯಮಿ ತರಬೇತಿಗೆ ಹೋಗಿ ಬ್ರೇಕ್ ಈವನ್ (ಲಾಭನಷ್ಟ ಸಮ ಆಗುವ ಮಟ್ಟ), ವರ್ಕಿಂಗ್ ಕ್ಯಾಪಿಟಲ್ (ದಿನದ ವ್ಯವಹಾರಕ್ಕೆ ಕೈಯಲ್ಲಿರಬೇಕಾದ ದುಡ್ಡು) ಎಲ್ಲ ಕಲಿತು ಬಂದವಳು ನಾನು. ಸರ್ಟಿಫಿಕೇಟು ಫ್ರೇಮ್ ಹಾಕಿಸಿ ಗೋಡೆಗೆ ನೇತು ಹಾಕಿದ್ದೇನೆ. ಅದರ ಕೆಳಗೇ ಕೂತು ಆ ಅಗ್ರಿಮೆಂಟ್‌ಗೆ ಸಹಿ ಹಾಕಿದೆ.

ಬೆಂಗಳೂರಿನಿಂದ ಅವರ ಪರ್ಚೇಸ್ ಮ್ಯಾನೇಜರ್ ಬಂದಿದ್ದರು. ಗುರೆಳ್ಳು ಚಟ್ನಿ ರೊಟ್ಟಿಗೆ ಹಚ್ಚಿಕೊಂಡು ತಿಂದು "ಮೇಡಂ, ಇದು ನಮ್ಮ ಎಲ್ಲಾ ಸ್ಟೋರಲ್ಲೂ ಇರಬೇಕು" ಅಂದರು. ನಾನು ಅಲ್ಲೇ ಕರಗಿದೆ. ಅವರ ಮಾರ್ಜಿನ್ 32 ಪರ್ಸೆಂಟ್, ಅಂದರೆ ನನಗೆ 68. ಪೇಮೆಂಟ್ 60 ದಿನಕ್ಕೆ. ತಿಂಗಳಿಗೆ 6,000 ಪ್ಯಾಕ್. ಲಾಂಚ್ ಆಫರ್ ಅಂತ ಮೊದಲ ಎರಡು ವಾರ 10 ರೂಪಾಯಿ ಕಡಿತ, ಅದು ನನ್ನ ತಲೆಗೆ. "ಎರಡೇ ವಾರ ಮೇಡಂ. ವಾಲ್ಯೂಮ್ ನೋಡಿ, ಮಾರ್ಜಿನ್ ನೋಡಬೇಡಿ." ಈ ಮಾತು ಇನ್ನೂ ಕಿವಿಯಲ್ಲಿದೆ.

ಇದ್ದ ನಾಲ್ಕು ಜನರ ಜೊತೆ ಇನ್ನೂ ಮೂವರನ್ನು ಕೆಲಸಕ್ಕೆ ತಗೊಂಡೆ. ಆದರೂ ಸಾಲಲಿಲ್ಲ. ಕಿರಾಣಿ ಅಂಗಡಿಗಳಿಗೆ "ಮುಂದಿನ ವಾರ, ಮುಂದಿನ ವಾರ" ಅನ್ನುತ್ತಾ ಅಲ್ಲಿಗೆ ಹೋಗುವುದು 1,500 ಪ್ಯಾಕಿಗೆ ಇಳಿಯಿತು. ಬಿಲ್ಲು ನೋಡಿದರೆ ಮಾತ್ರ ಖುಷಿ. ಮೊದಲು ತಿಂಗಳಿಗೆ 3.12 ಲಕ್ಷ ಇದ್ದಿದ್ದು ಈಗ 5.25 ಲಕ್ಷ! ಓಣಿಗೆಲ್ಲ ಪೇಡೆ ಹಂಚಿದೆ. ನಾದಿನಿ ಮಗಳ ಮದುವೆಯಲ್ಲಿ ನಾಲ್ಕು ಜನರೆದುರು ಹೇಳಿಕೊಂಡೆ ಕೂಡ.

60 ದಿನ ದಾಟಿದರೂ ಕಂಪನಿಯಿಂದ ದುಡ್ಡು ಬರಲಿಲ್ಲ. ಬ್ಯಾಡಗಿಯ ದಲಾಲಿ ಅಂಗಡಿಯವರು ಮೆಣಸಿನಕಾಯಿಗೆ ಮೂರು ತಿಂಗಳು ಕಾಯುತ್ತಾರಾ? ಇಲ್ಲ. ಕೂಲಿ ವಾರಕ್ಕೊಮ್ಮೆ ಕೊಡಬೇಕು. ಜಿಎಸ್‌ಟಿ ಅಂತೂ, ದುಡ್ಡು ಬರಲಿ ಬಿಡಲಿ, ಬಿಲ್ಲು ಮಾಡಿದ ಮರುತಿಂಗಳು 20ರೊಳಗೆ ಕಟ್ಟಲೇಬೇಕು. ಮೊದಲು ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್ ಸಾಲ) ಖಾತೆ ಖಾಲಿಯಾಯಿತು. ಆಮೇಲೆ ನನ್ನ ಪಾಟ್ಲಿ ಬಳೆ ಒತ್ತೆ ಇಟ್ಟೆ. 12 ಲಕ್ಷದ ಮೇಲೆ ಆ ಕಂಪನಿ ಹತ್ತಿರ ಸಿಕ್ಕಿಕೊಂಡಿತ್ತು, ನನ್ನ ಕೈಯಲ್ಲಿ ಒಂದು ರೂಪಾಯಿ ಇಲ್ಲ.

ಮೊದಲ ಪೇಮೆಂಟ್ ಬಂದಿದ್ದು 96ನೇ ದಿನ. ಮೊದಲ ತಿಂಗಳ ಬಿಲ್ಲು 4,08,000. ಫೋನ್ ಟಣ್ ಅಂತು. 1,59,400. ಬ್ಯಾಂಕಿನವರ ತಪ್ಪಿರಬೇಕು ಅಂದುಕೊಂಡೆ, ನಿಜವಾಗಿ. ಆಮೇಲೆ ಇಮೇಲ್‌ನಲ್ಲಿ ಡೆಬಿಟ್ ನೋಟ್ (ಬಿಲ್ಲಿನಲ್ಲಿ ಮುರಿದುಕೊಂಡ ಹಣದ ಪಟ್ಟಿ) ನೋಡಿದೆ. ಆಫರ್ ಕಡಿತ 1,80,000. ವಾಪಸ್ ಮಾಲು 31,600. ಡಿಸ್‌ಪ್ಲೇ ಚಾರ್ಜ್ 25,000. ಕಡಿಮೆ ಮಾಲು ಕಳಿಸಿದ್ದಕ್ಕೆ ದಂಡ 12,000. ಎರಡು ವಾರದ ಆಫರ್ ಮೂರು ತಿಂಗಳು ಓಡಿಸಿ, ಹೋದ 18,000 ಪ್ಯಾಕಿಗೂ ಹತ್ತತ್ತು ರೂಪಾಯಿ ಮುರಿದುಕೊಂಡಿದ್ದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ಫೋನ್ ಮಾಡಿದೆ. "ಎರಡು ವಾರ ಅಂದಿದ್ರಿ ಅಲ್ವಾ?"

"ಮೇಡಂ, ಆಫರ್ ಚೆನ್ನಾಗಿ ಓಡ್ತಿತ್ತು, ಎಕ್ಸ್‌ಟೆಂಡ್ ಆಯ್ತು. ಅಗ್ರಿಮೆಂಟಲ್ಲಿ ಇದೆ, ನೀವು ಓದಿಲ್ವಾ?"

ಓದಿರಲಿಲ್ಲ. ಹದಿನೆಂಟು ಪುಟ ಇಂಗ್ಲಿಷ್.

"ನಾಲ್ಕು ತಿಂಗಳು ಬಾಳಿಕೆ ಇರೋ ಮಾಲು. ಇನ್ನೂ 50 ದಿನ ಇದ್ದ ಪ್ಯಾಕ್ ಯಾಕೆ ವಾಪಸ್ ಕಳಿಸಿದ್ರಿ?"

"ಅರ್ಧಕ್ಕಿಂತ ಕಮ್ಮಿ ಇದ್ರೆ ನಮ್ಮಲ್ಲಿ ಇಡಲ್ಲ ಮೇಡಂ. ಪಾಲಿಸಿ."

ದುಡ್ಡು ಕೊಡೋಕೆ ಕಾನೂನು 45 ದಿನ ಅನ್ನುತ್ತದೆ ಅಂದೆ. ನಕ್ಕರು. ನಿಜವಾಗಿ ನಕ್ಕರು! "ಎಲ್ಲಾ ವೆಂಡರ್‌ಗೂ 60 ಮೇಡಂ. ಬೇಡ ಅಂದ್ರೆ ಹೇಳಿ, ಚಟ್ನಿಪುಡಿಯವರು ಇನ್ನೂ ಹತ್ತು ಜನ ಕ್ಯೂನಲ್ಲಿದ್ದಾರೆ."

ಆ ರಾತ್ರಿ ಬಿಕಾಂ ಓದುವ ಮಗಳು ಒಂದು ಹಾಳೆ ತಗೊಂಡು ಕೂತಳು. 68ರಲ್ಲಿ ಆಫರಿನ 10 ಹೋದರೆ 58. ಖರ್ಚೂ 58. ಬೆಂಗಳೂರಿನ ಗೋಡೌನ್‌ಗೆ ಸಾಗಣೆ ಎರಡೂವರೆ ರೂಪಾಯಿ. "ಅಮ್ಮಾ, ಪ್ರತಿ ಪ್ಯಾಕಿಗೂ ಎರಡೂವರೆ ರೂಪಾಯಿ ನೀನೇ ಕೊಟ್ಟು ಕಳಿಸ್ತಿದೀಯ." ತಿಂಗಳಿಗೆ 15,000. ಕಿರಾಣಿಯಿಂದ ಬರುವ 30,000ದಲ್ಲಿ ಅದು ಹೋದರೆ ಉಳಿಯೋದು 15,000, ಬಾಡಿಗೆ ಕಂತಿಗೆ ಬೇಕಾದದ್ದು 45,000. ಐದು ಲಕ್ಷದ ವ್ಯಾಪಾರ ಅಂತ ಪೇಡೆ ಹಂಚಿದವಳು ತಿಂಗಳಿಗೆ 30,000 ಕಳೆದುಕೊಳ್ಳುತ್ತಿದ್ದೆ. ಡಿಸ್‌ಪ್ಲೇ, ದಂಡ, ವಾಪಸ್ ಮಾಲು ಬೇರೆ. ಹತ್ತು ನಿಮಿಷದ ಲೆಕ್ಕ. ಸಹಿ ಹಾಕುವ ಮೊದಲು ಆ ಹತ್ತು ನಿಮಿಷ ನನ್ನ ಹತ್ತಿರ ಇರಲಿಲ್ಲ ನೋಡಿ.

ಇನ್ನೊಂದು ದಡ್ಡತನ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆ ಪ್ರಕಾರ ನಮ್ಮಂಥವರಿಗೆ 45 ದಿನದೊಳಗೆ ದುಡ್ಡು ಕೊಡಬೇಕು. ಅಗ್ರಿಮೆಂಟಲ್ಲಿ 60 ಅಂತಿದ್ದರೂ ನಡೆಯಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ, ಹೊತ್ತಿಗೆ ಕೊಡದೆ ವರ್ಷದ ಕೊನೆಗೂ ಬಾಕಿ ಉಳಿಸಿದ ದುಡ್ಡನ್ನು ಅವರು ಆ ವರ್ಷದ ಖರ್ಚು ಅಂತ ಆದಾಯ ತೆರಿಗೆಯಲ್ಲಿ ತೋರಿಸುವ ಹಾಗೂ ಇಲ್ಲ. ಆದರೆ ನಾನು ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು) ಮಾಡಿಸಿದ್ದು ನಾಲ್ಕನೇ ತಿಂಗಳು. ಅದಕ್ಕಿಂತ ಹಿಂದಿನ ಬಿಲ್ಲುಗಳಿಗೆ ಈ ಕಾಯ್ದೆಯಲ್ಲಿ ಹೋರಾಡೋದು ಕಷ್ಟ ಅಂದರು ವಕೀಲರು. ಆ ನೋಂದಣಿ ಪೂರ್ತಿ ಉಚಿತ. ನಾನು ಅದಕ್ಕೂ ಏಜೆಂಟನಿಗೆ 2,500 ಕೊಟ್ಟೆ!

ಇವತ್ತೇ ಉದ್ಯಮ್ ಮಾಡಿಸಿ, ಪುಕ್ಕಟೆ. ಫೋನಲ್ಲಿ ಒಪ್ಪಿದ ಆಫರ್ ಎಷ್ಟು ದಿನ ಅಂತ ಅವತ್ತೇ ಇಮೇಲ್ ಹಾಕಿ ಉತ್ತರ ತರಿಸಿಕೊಳ್ಳಿ. ಯಾರಾದರೂ "ವಾಲ್ಯೂಮ್ ನೋಡಿ" ಅಂದರೆ ಚಹಾ ಕೊಟ್ಟು ಕಳಿಸಿ.

ಮತ್ತೆ ಕಿರಾಣಿ ಅಂಗಡಿಗಳಿಗೆ ಹೋದೆ. ಹತ್ತು ವರ್ಷದಿಂದ ಮಾಲು ತಗೊಳ್ಳುತ್ತಿದ್ದ ಅಂಗಡಿಯವರು ಬೇರೆಯವರ ಪ್ಯಾಕೆಟ್ ಜೋಡಿಸುತ್ತಾ, ತಲೆ ಎತ್ತದೆ ಕೇಳಿದರು: "ಈಗ ನೆನಪಾತೇನ್ರಿ ಅಕ್ಕಾರ ನಮ್ಮದು?" ಡೆಬಿಟ್ ನೋಟಿಗಿಂತ ಇದೇ ಜಾಸ್ತಿ ನೋವಾಯಿತು. ಆದರೂ 50 ಪ್ಯಾಕ್ ಇಳಿಸಿಕೊಂಡರು.

ಮೊನ್ನೆ ಆ ಕಂಪನಿಯಿಂದ ಮತ್ತೆ ಫೋನು, ಹೊಸ ಮ್ಯಾನೇಜರ್. "ಮೇಡಂ, ದೀಪಾವಳಿಗೆ ಒಂದು ಆಫರ್ ಹಾಕೋಣ್ವಾ?" ಹಳೇ ಬಾಕಿ ಎಲ್ಲಿ ಅಂದೆ. "ಅದು ಅಕೌಂಟ್ಸ್‌ನವರು ನೋಡ್ಕೋತಾರೆ ಮೇಡಂ, ನನಗೆ ಗೊತ್ತಿಲ್ಲ" ಅಂದರು.